ಯಾರ ದನಿ ಎಂದು ಯಾವಾಗ ಹೇಳಬೇಕು

ನಮ್ಮ ಊರಿನಲ್ಲಿ ಸತ್ತವರ ದನಿ ಅವರು ಸತ್ತ ಜಾಗದಲ್ಲೇ ಉಳಿಯುತ್ತದೆ. ಕೊನೆಯ ಹೊತ್ತಿನಲ್ಲಿ ಆಡಿದ ನಾಲ್ಕಾರು ಮಾತು, ಅಷ್ಟೇ. ಅದೇ ಮಾತು, ಅದೇ ಕೆಮ್ಮು ಬಿಟ್ಟು ಬಿಟ್ಟು ಕೇಳಿಸುತ್ತಿರುತ್ತದೆ. ಕೇಳಿದಷ್ಟೂ ಸವೆಯುತ್ತದೆ. ಮನೆ ತುಂಬ ಜನರಿದ್ದರೆ ಕೆಲವೇ ತಿಂಗಳಲ್ಲಿ ಮುಗಿದುಹೋಗುತ್ತದೆ, ಒಬ್ಬರೇ ಇರುವ ಮನೆಯಲ್ಲಾದರೆ ವರ್ಷಗಟ್ಟಲೆ ಇದ್ದೀತು. ಹಾಗಾಗಿ ನಮ್ಮಲ್ಲಿ ಹಾಸಿಗೆ ಹಿಡಿದ ಹಿರಿಯರು ಸೊಸೆಯಂದಿರನ್ನು ಬೈಯುವುದನ್ನು ನಿಲ್ಲಿಸಿಬಿಡುತ್ತಾರೆ. ಆಸ್ಪತ್ರೆಯವರು ಕೈಚೆಲ್ಲಿದ ಕೂಡಲೇ ರೋಗಿಯನ್ನು ಮನೆಗೆ ಕರೆತರುತ್ತೇವೆ, ದನಿ ವಾರ್ಡಿನ ಪಾಲಾಗಬಾರದು ಎಂದು. ಬಸ್ ಸ್ಟ್ಯಾಂಡಿನಲ್ಲಿ ದಾಳಿಂಬೆ ಮಾರುತ್ತಿದ್ದವನೊಬ್ಬ ವ್ಯಾಪಾರದ ನಡುವೆಯೇ ಎದೆ ಹಿಡಿದುಕೊಂಡು ಕುಸಿದ. ಆ ಬೇಸಿಗೆಯೆಲ್ಲ ಅಲ್ಲಿ "ಸಿಹಿ ಇಲ್ದಿದ್ರೆ ವಾಪಸ್ ಕೊಡಿ" ಎಂಬ ಕೂಗು ನಿಲ್ಲಲಿಲ್ಲ. ಅದೇ ಜಾಗದಲ್ಲಿ ಗಾಡಿ ನಿಲ್ಲಿಸಿದ ಮೂಸಂಬಿಯವನು ತಿಂದ ಸಿಪ್ಪೆಯನ್ನೆಲ್ಲ ವಾಪಸ್ ತೆಗೆದುಕೊಂಡು ಸಾಕಾಗಿಹೋದ.

ಇಂಥ ಊರಿನ ಕಾಲೇಜಿಗೆ ಸಿನಿಮಾ ಪಾಠ ಹೇಳಲು ಹೊರಗಿನಿಂದ ತಬಸ್ಸುಮ್ ಮೇಡಂ ಬಂದರು. ಕೊನೆಯ ವರ್ಷದ ನಮಗೆ ಇಬ್ಬಿಬ್ಬರ ತಂಡ ಮಾಡಿ, ಒಂದೊಂದು ಕಿರುಚಿತ್ರ ತೆಗೆಯಬೇಕು, ಅದು ಹಾರರ್ ಥ್ರಿಲ್ಲರ್ ಆಗಿರಬೇಕು ಎಂದರು. "ಖಾಲಿ ಮನೆ. ಯಾರೂ ಇಲ್ಲ. ಒಂದು ದನಿ ಕೇಳುತ್ತೆ. ಅಲ್ಲಿಂದ ಯೋಚನೆ ಮಾಡಿ" ಎಂದು ಅವರು ದನಿ ತಗ್ಗಿಸಿ ಹೇಳಿದಾಗ ಇಡೀ ಕ್ಲಾಸು ನಕ್ಕಿತು. ಅವರಿಗೆ ಅರ್ಥವಾಗಲಿಲ್ಲ. ಆ ವಾರವೇ ಅವರು ಬಾಡಿಗೆಗೆ ಹಿಡಿದ ಮನೆಯ ಅಡುಗೆಕೋಣೆಯಲ್ಲಿ ಯಾರೋ ಮುದುಕಿ "ಹಾಲು ಉಕ್ಕುತ್ತೆ, ನೋಡ್ಕೊಳ್ಳೇ" ಎಂದಳಂತೆ. ಮರುದಿನ ಮೇಡಂ ನಿದ್ದೆಗೆಟ್ಟು ಕಣ್ಣು ಕೆಂಪಗೆ ಮಾಡಿಕೊಂಡು ಬಂದರು. ತಿಂಗಳು ಕಳೆಯುವಷ್ಟರಲ್ಲಿ ಆ ದನಿಯ ಮಾತು ನಂಬಿ ಒಲೆ ಸಣ್ಣ ಮಾಡುವುದನ್ನೂ ಕಲಿತರು.

ನನ್ನ ಜೊತೆಗೆ ತಂಡದಲ್ಲಿ ಬಿದ್ದವನು ಕೊಟ್ರೇಶ. ಸಾಹುಕಾರ್ ಬಸವಂತಪ್ಪನವರ ಒಬ್ಬನೇ ಮಗ. ದುಡ್ಡಿನ ಮನೆಯವನು ಎಂಬ ಜಂಬವಿಲ್ಲದ, ಕ್ಯಾಮೆರಾ ಎಂದರೆ ಊಟ ಮರೆಯುವ ಹುಡುಗ. ಅವನು ನಿರ್ದೇಶಕ, ನಾನು ಕಥೆ. ಕ್ಲಾಸು ಮುಗಿದ ಮೇಲೆ ಬೆಂಚುಗಳನ್ನು ಜೋಡಿಸಿ, ಹಳೆಯ ಮದುವೆ ಕಾಗದಗಳ ಹಿಂಬದಿಯಲ್ಲಿ ಒಂದೊಂದು ದೃಶ್ಯ ಬರೆದು ಹರಡಿಕೊಂಡು ಕೂರುತ್ತಿದ್ದೆವು. ನಮ್ಮ ಕಷ್ಟ ಒಂದೇ. ದನಿಗೆ ಹೆದರದ ಜನರನ್ನು ಹೆದರಿಸುವುದು ಹೇಗೆ?

"ಯಾರೂ ಸಾಯದ ಜಾಗದಲ್ಲಿ ದನಿ ಕೇಳಿದ್ರೆ?" ಎಂದೆ ಒಂದು ಮಧ್ಯಾಹ್ನ.

ಕೊಟ್ರೇಶ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟ. ಅವನ ಕೈಯ ರೋಮ ನಿಂತಿದ್ದು ನನಗೆ ಕಾಣಿಸಿತು. ನಮ್ಮವರಿಗೆ ಅದು ಸಣ್ಣ ಮಾತಲ್ಲ. ಯಾರೂ ಸತ್ತ ಸುದ್ದಿಯಿಲ್ಲದ ಕಡೆ ದನಿಯಿದೆ ಎಂದರೆ ಯಾರನ್ನೋ ಮುಚ್ಚಿಟ್ಟಿದ್ದಾರೆ ಎಂದೇ ಅರ್ಥ.

ಆಮೇಲೆ ಚೀಟಿಗಳು ಭರಭರನೆ ಬಿದ್ದವು. ಹುಡುಗಿಯೊಬ್ಬಳು ಮುಚ್ಚಿದ ಕಟ್ಟಡದೊಳಗೆ ಹೋಗುತ್ತಾಳೆ. ದನಿ ಕೇಳುತ್ತಾಳೆ. ಯಾರದೆಂದು ಹುಡುಕುತ್ತಾಳೆ. ಊರು ಬಾಯಿ ಬಿಡುವುದಿಲ್ಲ. ಅಲ್ಲಿಯವರೆಗೆ ಇಬ್ಬರಿಗೂ ಒಪ್ಪಿಗೆ. ಜಗಳ ಹತ್ತಿದ್ದು ಒಂದೇ ಚೀಟಿಗೆ. ಅದು ಯಾರ ದನಿ ಎಂದು ತಿಳಿಯುವ ದೃಶ್ಯ. ನಾನು ಅದನ್ನು ಎತ್ತಿ ಕೊನೆಗೆ ಇಡುತ್ತಿದ್ದೆ, ಅವನು ತೆಗೆದು ಮೊದಲಿಗೆ ಇಡುತ್ತಿದ್ದ.

"ಮೊದಲೇ ಹೇಳಿಬಿಟ್ರೆ ಆಮೇಲೆ ಏನು ಉಳಿಯುತ್ತೋ?" ಎಂದು ನಾನು.

"ಅಲ್ಲೇ ಇರೋದು ಮಜಾ ಕಣೇ, ಮಂದಾ. ಕೊಂದವನು ಯಾರು ಅಂತ ನೋಡೋರಿಗೆ ಮೊದಲೇ ಗೊತ್ತಿರಬೇಕು. ಅವನು ದಿನಾ ಆ ಹುಡುಗಿ ಎದುರಿಗೇ ಓಡಾಡ್ತಿರಬೇಕು, ನಗ್ತಿರಬೇಕು. ಅವಳಿಗೆ ಮಾತ್ರ ಗೊತ್ತಿರಬಾರದು."

ಮೇಡಂ ಬಂದು ಎರಡೂ ಜೋಡಣೆ ನೋಡಿದರು. "ಕೊನೆಗೆ ಹೇಳಿದ್ರೆ ಜನ ಒಂದು ಕ್ಷಣ ಬೆಚ್ಚುತ್ತಾರೆ. ಮೊದಲೇ ಹೇಳಿದ್ರೆ ಪೂರ್ತಿ ಹೊತ್ತು ಹೆದರುತ್ತಾರೆ. ಯಾವುದು ಬೇಕು ಅಂತ ನೀವೇ ತೀರ್ಮಾನ ಮಾಡಿ. ಆದರೆ ಅದಕ್ಕೆ ಮೊದಲು ಜಾಗ ಹುಡುಕಿ. ಜಾಗ ನೋಡದೆ ಬರೆದದ್ದು ಕಾಗದದಲ್ಲೇ ಉಳಿಯುತ್ತೆ" ಎಂದರು.

ವರ್ಷಗಳಿಂದ ಯಾರೂ ಕಾಲಿಡದ ಜಾಗ ಊರಿನಲ್ಲಿ ಒಂದೇ ಇತ್ತು. ಪ್ರೈಮರಿ ಸ್ಕೂಲಿನ ಪಕ್ಕದ ಐಸ್ ಫ್ಯಾಕ್ಟರಿ. ಅದು ಕೊಟ್ರೇಶನ ಅಪ್ಪನದೇ. ನನ್ನ ಅಪ್ಪ ಕೆಲಸ ಮಾಡುತ್ತಿದ್ದದ್ದೂ ಅಲ್ಲೇ.

ನನ್ನ ಅಪ್ಪನ ಹೆಸರು ಹಾಲೇಶಪ್ಪ. ಐಸ್ ಫ್ಯಾಕ್ಟರಿಯ ಮೆಕ್ಯಾನಿಕ್. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಕೆಲಸಕ್ಕೆ ಹೋದವನು ಮನೆಗೆ ಬರಲಿಲ್ಲ. ಸಂಜೆ ಸಾಹುಕಾರರೇ ನಮ್ಮ ಮನೆ ಬಾಗಿಲಿಗೆ ಬಂದು, ಮೀನಿನ ಲಾರಿ ಹತ್ತಿ ಕರಾವಳಿ ಕಡೆ ಹೋದನಮ್ಮ, ಎಷ್ಟು ಹೇಳಿದರೂ ಕೇಳಲಿಲ್ಲ, ಅಲ್ಲಿ ಯಾರೋ ಇದ್ದಾಳಂತೆ ಎಂದು ಹೇಳಿ ಹೋದರು. ಮೆಕ್ಯಾನಿಕ್ ಇಲ್ಲದೆ ಫ್ಯಾಕ್ಟರಿ ನಿಂತಿತು ಎಂದು ಊರೆಲ್ಲ ಮಾತಾಯಿತು. ಐಸ್‌ಕ್ಯಾಂಡಿ ಮಾರುವವರು, ಮೀನಿನವರು, ಸೋಡಾ ಅಂಗಡಿಯವರು ಎಲ್ಲರೂ ಅಪ್ಪನನ್ನು ಬೈದರು. ಅಮ್ಮ ಅವನ ಅಂಗಿಗಳನ್ನು ಒಲೆಗೆ ಹಾಕಿದಳು. ಆಮೇಲೆ ಹಿಟ್ಟಿನ ಗಿರಣಿ ಹಿಡಿದಳು. ಹಗಲೆಲ್ಲ ಬೆಲ್ಟಿನ ಸದ್ದು. ಆ ಸದ್ದಿನಲ್ಲಿ ಯಾರೂ ಅವಳನ್ನು ಏನೂ ಕೇಳುವಂತಿರಲಿಲ್ಲ. ಹಣೆಯ ಕುಂಕುಮ ಮಾತ್ರ ತೆಗೆಯಲಿಲ್ಲ. "ಎಲ್ಲೋ ಬದುಕಿದಾನಲ್ಲ, ಬದುಕಲಿ" ಎಂದು ಹಲ್ಲು ಕಚ್ಚಿ ಹೇಳುತ್ತಿದ್ದಳು.

ಫ್ಯಾಕ್ಟರಿಯಲ್ಲಿ ಶೂಟಿಂಗ್ ಮಾಡುತ್ತೇವೆ ಎಂದು ಕೊಟ್ರೇಶ ಕೇಳಿದ್ದಕ್ಕೆ ಅವನಪ್ಪ, ಚಾವಣಿ ಕುಸಿಯುತ್ತೆ, ಆ ಕಡೆ ತಲೆ ಹಾಕಿದರೆ ಕಾಲು ಮುರಿಯುತ್ತೇನೆ ಎಂದರಂತೆ. ಅಪ್ಪ ಹಾಗೆ ಕೂಗಾಡಿದ್ದನ್ನು ತಾನು ನೋಡಿದ್ದೇ ಇಲ್ಲ ಎಂದು ಕೊಟ್ರೇಶ ನಗುತ್ತ ಹೇಳಿದ. ಭಾನುವಾರ ಬೆಳಿಗ್ಗೆ ಸಾಹುಕಾರರು ಪಕ್ಕದೂರಿನ ಮದುವೆಗೆ ಹೋದಾಗ ಬೀರುವಿನಿಂದ ಬೀಗದ ಕೈ ತಂದ. ಮೇಡಂ ಕೂಡ ಬಂದರು, ಮಕ್ಕಳನ್ನು ಅಂಥ ಕಟ್ಟಡಕ್ಕೆ ಒಂಟಿಯಾಗಿ ಕಳಿಸಲಾರೆ ಎಂದು.

ಒಳಗೆ ಚಾವಣಿ ಗಟ್ಟಿಯಾಗಿಯೇ ಇತ್ತು. ಗಾಜಿನ ಹಂಚುಗಳಿಂದ ಬಿಸಿಲು ಇಳಿದಿತ್ತು. ಐಸು ಕಟ್ಟುವ ತಗಡಿನ ಡಬ್ಬಗಳು ಸಾಲಾಗಿ ನಿಂತಿದ್ದವು, ಪಾರಿವಾಳಗಳು ಅವುಗಳಲ್ಲಿ ಸಂಸಾರ ಹೂಡಿದ್ದವು. ಕೊಟ್ರೇಶ ಎರಡು ಕೈಯ ಬೆರಳುಗಳಲ್ಲಿ ಚೌಕಟ್ಟು ಮಾಡಿಕೊಂಡು, ಇಲ್ಲಿಂದ ಹುಡುಗಿ ಬರ್ತಾಳೆ, ಇಲ್ಲಿ ನಿಲ್ತಾಳೆ ಎನ್ನುತ್ತ ಓಡಾಡಿದ. ಹಿಂಬದಿಯಲ್ಲಿ ಐಸು ಕೂಡಿಡುವ ಕೋಣೆಯಿತ್ತು. ಅಂಗೈ ಉದ್ದದಷ್ಟು ದಪ್ಪದ ಬಾಗಿಲು, ಹೊರಗಿನಿಂದ ಕಬ್ಬಿಣದ ಅಗುಳಿ. ತುಕ್ಕು ಹಿಡಿದ ಅಗುಳಿಯನ್ನು ಮೂವರೂ ಸೇರಿ ಕಲ್ಲಿನಿಂದ ಬಡಿದು ಸರಿಸಿದೆವು. ಬಾಗಿಲು ತೆರೆದದ್ದೇ ಮೂಗು ಸುಡುವಂಥ ಹಳೆಯ ವಾಸನೆ ಬಂತು.

ಮೊದಲು ಕೇಳಿದ್ದು ಕೆಮ್ಮು.

ಮೇಡಂ ನನ್ನನ್ನು ನೋಡಿದರು. ನಾನು ಕೊಟ್ರೇಶನನ್ನು ನೋಡಿದೆ. ಮೂವರಲ್ಲಿ ಯಾರೂ ಕೆಮ್ಮಿರಲಿಲ್ಲ. ಆಮೇಲೆ, ಕಿವಿಯ ಪಕ್ಕದಲ್ಲೇ ನಿಂತು ಹೇಳಿದಷ್ಟು ಸ್ಪಷ್ಟವಾಗಿ, ಒಬ್ಬ ಗಂಡಸಿನ ದನಿ.

"ಸಾಹುಕಾರ್ರೇ... ನಾನಿನ್ನೂ ಒಳಗಿದೀನಿ. ಬಾಗಿಲು ತೆಗೀರಿ."

'ಸಾ' ಎನ್ನುವಾಗ ಒಂದು ಸಣ್ಣ ಸೀಟಿ. ನನ್ನ ಅಪ್ಪನ ಮುಂದಿನ ಹಲ್ಲು ಮುರಿದಿತ್ತು. ನನಗೆಂದು ತಂದ ಸೋಡಾ ಬಾಟಲಿಯ ಮುಚ್ಚಳವನ್ನು ಹಲ್ಲಿನಿಂದ ತೆಗೆಯಲು ಹೋಗಿ ಮುರಿದುಕೊಂಡಿದ್ದ. ಅಂದಿನಿಂದ ಅವನು ಸಕ್ಕರೆ ಎಂದರೂ ಸೀಟಿ, ಸೋಮವಾರ ಎಂದರೂ ಸೀಟಿ. ನಾನು ಅದಕ್ಕೆ ನಗುತ್ತಿದ್ದೆ, ನಗಲಿ ಎಂದೇ ಅವನು ಮತ್ತೆ ಮತ್ತೆ ಹೇಳುತ್ತಿದ್ದ.

ನಾನು ಕೂಗಿದೆನಂತೆ. ನನಗೆ ನೆನಪಿಲ್ಲ. ನೆನಪಿರುವುದು ನೆಲದ ತಣ್ಣಗಿನ ಸಿಮೆಂಟು, ಮೇಡಂ ನನ್ನ ತಲೆಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡಿದ್ದು, ಅವರ ಇನ್ನೊಂದು ಕೈಯಲ್ಲಿ ಫೋನು. ದನಿಯನ್ನು ಹಿಡಿದಿಡಲು ನೋಡಿದ್ದರು. ಅದರಲ್ಲಿ ಪಾರಿವಾಳದ ಸದ್ದು ಬಿಟ್ಟು ಬೇರೇನೂ ಇರಲಿಲ್ಲ. ಕೊಟ್ರೇಶ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ.

"ಅದು ನಮ್ಮಪ್ಪ" ಎಂದೆ.

"ಸಾಹುಕಾರ್ರೇ ಅಂದ್ರಲ್ಲ" ಎಂದ ಅವನು. "ಮಂದಾ, ಸಾಹುಕಾರ್ರೇ ಅಂದ್ರು."

ಮೇಡಂ ನಮ್ಮನ್ನು ಹೊರಗೆ ತಂದು, ಬಾಗಿಲು ಎಳೆದು ಅಗುಳಿ ಹಾಕಿದರು. "ಇನ್ನು ಕೇಳಬೇಡಿ. ಸವೆಯುತ್ತೆ ಅಂತ ನೀವೇ ಹೇಳಿದ್ದಲ್ವಾ?" ಎಂದರು. ಗೇಟಿನ ಹತ್ತಿರ ಬಂದಾಗ ಕೊಟ್ರೇಶ ಬೀಗ ಹಾಕಿ, ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟ. "ಇದು ನಿನ್ನ ಹತ್ತಿರಾನೇ ಇರಲಿ. ನಮ್ಮನೇಲಿದ್ರೆ ಆ ದನಿ ಉಳಿಯಲ್ಲ" ಎಂದ. ಆಮೇಲೆ ರಸ್ತೆಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ವಾಂತಿ ಮಾಡಿಕೊಂಡ.

ಗಿರಣಿಯ ಕಡೆ ನಡೆಯುತ್ತ ಅಮ್ಮನಿಗೆ ಹೇಗೆ ಹೇಳಲಿ ಎಂದು ಯೋಚಿಸಿದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ನನ್ನ ತಲೆಯೊಳಗೆ ಆ ಮದುವೆ ಕಾಗದದ ಚೀಟಿಗಳೇ ಹರಡಿಕೊಂಡವು. ಮೊದಲು ಫ್ಯಾಕ್ಟರಿಗೆ ಹೋದದ್ದನ್ನು ಹೇಳಲೇ? ದನಿ ಕೇಳಿತು ಎನ್ನಲೇ? ಸತ್ತಿದ್ದಾನೆ ಎಂಬುದನ್ನು ಕೊನೆಗೆ ಇಡಲೇ? ದಾರಿಯಲ್ಲಿ ಇನ್ನೊಂದು ನೆನಪಾಗಿ ಕಾಲು ನಿಂತುಹೋಯಿತು. ಸಾಹುಕಾರರ ಮನೆಯ ಗೋಧಿ ಬರುವುದು ನಮ್ಮ ಗಿರಣಿಗೇ. ಕೆಲವು ಸಲ ಅವರೇ ಕಾರಿನಲ್ಲಿ ತಂದು ಇಳಿಸುತ್ತಾರೆ. "ಹೇಗಿದೀಯಮ್ಮ ಗಂಗಮ್ಮ? ಮಗಳು ಚೆನ್ನಾಗಿ ಓದ್ತಿದಾಳಾ?" ಎಂದು ಕೇಳುತ್ತಾರೆ. ನನ್ನ ತಲೆ ಸವರಿದ್ದಾರೆ. ಕೊಟ್ರೇಶ ಹೇಳಿದ್ದ ಕಥೆ ಅದೇ. ಅದರೊಳಗಿನ ಏನೂ ಗೊತ್ತಿಲ್ಲದ ಹುಡುಗಿ ನಾನೇ ಆಗಿದ್ದೆ.

ಅಮ್ಮ ಜೋಳ ಬೀಸುತ್ತಿದ್ದಳು. ರೆಪ್ಪೆಯ ಮೇಲೆಲ್ಲ ಹಿಟ್ಟು. ನಾಲ್ಕೈದು ಹೆಂಗಸರು ಡಬ್ಬ ಹಿಡಿದು ಕಾಯುತ್ತಿದ್ದರು. ನಾನು ಅವಳ ಕಿವಿಗೆ ಬಾಯಿಟ್ಟು ಕೂಗಿದೆ. "ಅಮ್ಮಾ, ಅಪ್ಪ ಎಲ್ಲೂ ಹೋಗಿರಲಿಲ್ಲ!"

ಅವಳು ಸ್ವಿಚ್ ಆರಿಸಿದಳು. ಬೆಲ್ಟು ನಿಧಾನವಾಗಿ ನಿಂತಿತು. ಆ ಗಿರಣಿ ಹಗಲು ಹೊತ್ತಿನಲ್ಲಿ ನಿಂತದ್ದನ್ನು ನಾನು ಕಂಡದ್ದು ಕಡಿಮೆ. ಅವಳು ನನ್ನ ಮುಖ ನೋಡಿದಳು, ನನ್ನ ಕೈಯಲ್ಲಿದ್ದ ಕೀಲಿ ನೋಡಿದಳು. ಊರಿನವಳಲ್ಲವೇ, ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ.

"ದನಿ ಇದೆಯಾ?" ಎಂದಳು.

ತಲೆ ಆಡಿಸಿದೆ.

"ಏನಂತಾರೆ?"

ಅಷ್ಟು ವರ್ಷ ಅಪ್ಪನನ್ನು 'ಅವನು' ಎನ್ನುತ್ತಿದ್ದವಳು ಈಗ 'ಅಂತಾರೆ' ಎಂದಳು. ನಾನು ಹೇಳಿದೆ. ಡಬ್ಬ ಹಿಡಿದ ಹೆಂಗಸರಲ್ಲಿ ಒಬ್ಬಳು ಬಾಯಿಗೆ ಸೆರಗು ಹಿಡಿದುಕೊಂಡಳು. ಅಮ್ಮ ಅಳಲಿಲ್ಲ. ಗಿರಣಿಯ ಬಾಗಿಲು ಮುಚ್ಚಲೂ ಇಲ್ಲ. ಹಿಟ್ಟು ಮೆತ್ತಿದ ಮುಖದಲ್ಲೇ ಪೊಲೀಸ್ ಸ್ಟೇಷನ್ನಿಗೆ ನಡೆದಳು.

ನಮ್ಮ ಪೊಲೀಸರಿಗೆ ದನಿಯ ವಿಷಯದಲ್ಲಿ ಒಂದು ಪದ್ಧತಿಯಿದೆ. ಕೇಳುವವರು ಕಡಿಮೆಯಿರಬೇಕು, ಕೇಳಿದ್ದನ್ನು ಅಲ್ಲೇ ಬರೆದುಕೊಳ್ಳಬೇಕು, ಆರೋಪ ಬಂದವರು ಎದುರಿಗಿರಬೇಕು. ಮರುದಿನ ಬೆಳಿಗ್ಗೆ ಸಬ್ ಇನ್ಸ್‌ಪೆಕ್ಟರ್, ಒಬ್ಬ ಬರೆಯುವವನು, ಅಮ್ಮ, ನಾನು, ಸಾಹುಕಾರ್ ಬಸವಂತಪ್ಪ ಫ್ಯಾಕ್ಟರಿಯೊಳಗೆ ಹೋದೆವು. ಕೊಟ್ರೇಶ ಗೇಟಿನ ಹೊರಗೆ ನಿಂತಿದ್ದ. ಹಿಂದಿನ ಸಂಜೆ ಅವನು ತನ್ನ ಅಪ್ಪನನ್ನು ಕೇಳಿದ್ದನಂತೆ. ಅವರು ದೇವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರಂತೆ.

ಕೋಣೆಯ ಬಾಗಿಲ ಮುಂದೆ ಸಾಹುಕಾರರು ತಾವಾಗಿಯೇ ಮಾತು ತೆಗೆದರು. ಇಸ್ತ್ರಿ ಮಾಡಿದ ಬಿಳಿ ಪಂಚೆ, ಕೈಯಲ್ಲಿ ಕರವಸ್ತ್ರ.

"ಗಂಗಮ್ಮ, ನಿನ್ನ ಮುಂದೆ ಸುಳ್ಳು ಹೇಳಲ್ಲ. ಅವತ್ತು ಈ ಕೋಣೇಲಿ ಪೈಪು ಒಡೆದು ಅಮೋನಿಯಾ ಸೋರ್ತು. ಸರಿ ಮಾಡೋಕೆ ಹಾಲೇಶಪ್ಪ ಒಳಗೆ ಹೋದ, ನಾನು ಹೊರಗಿಂದ ಅಗುಳಿ ಹಾಕಿದೆ. ಪಕ್ಕದಲ್ಲಿ ಸ್ಕೂಲು. ನೂರಾರು ಮಕ್ಕಳು. ನಿನ್ನ ಮಗಳೂ ಇದ್ದಳು. ಬಾಗಿಲು ತೆಗೆದಿದ್ರೆ ಗ್ಯಾಸು ಅಷ್ಟೂ ಆ ಕಡೆ ನುಗ್ತಿತ್ತು. ಒಬ್ಬನೋ, ಅಷ್ಟು ಮಕ್ಕಳೋ? ನೀನೇ ಹೇಳು."

ಹಾಗಾದರೆ ನಾನು ಬದುಕಿರುವುದು ಆ ಮುಚ್ಚಿದ ಬಾಗಿಲಿನಿಂದಲೇ? ಇನ್ಸ್‌ಪೆಕ್ಟರ್ ಕೂಡ ತಲೆ ತಗ್ಗಿಸಿದರು. ಅಮ್ಮ ಅಗುಳಿಗೆ ಕೈ ಹಾಕಿ ತಾನೇ ಸರಿಸಿದಳು.

ಕೆಮ್ಮು. ಹಿಂದಿನ ದಿನ ನಾವು ಬಾಗಿಲು ತೆರೆದದ್ದು ಮಾತಿನ ನಡುವೆ, ಈ ಸಲ ಅದು ಮೊದಲಿನಿಂದ ಬಂತು.

"ವಾಲ್ವು ಬಂದಾಯ್ತು, ಸಾಹುಕಾರ್ರೇ! ಇನ್ನು ಗ್ಯಾಸು ಬರಲ್ಲ. ಸ್ಕೂಲಿಗೆ ಏನೂ ಆಗಲ್ಲ." ಬಾಗಿಲಿಗೆ ಅಂಗೈ ಬಡಿಯುವ ಸದ್ದು ದನಿಯಲ್ಲಿಲ್ಲ, ಆದರೆ ಬಡಿಯುತ್ತಲೇ ಮಾತಾಡುತ್ತಿದ್ದಾನೆಂದು ಉಸಿರಿನಿಂದ ತಿಳಿಯುತ್ತಿತ್ತು. "ಸಾಹುಕಾರ್ರೇ... ನಾನಿನ್ನೂ ಒಳಗಿದೀನಿ. ಬಾಗಿಲು ತೆಗೀರಿ."

ಬರೆಯುವವನ ಪೆನ್ನು ನಿಂತುಹೋಯಿತು. ಸಾಹುಕಾರರು ನೆಲಕ್ಕೆ ಕೂತುಬಿಟ್ಟರು. ಪಂಚೆಗೆಲ್ಲ ಪಾರಿವಾಳದ ಹಿಕ್ಕೆ ಮೆತ್ತಿತು.

"ಕೇಳಿಸಿತ್ತಾ ನಿಮಗೆ ಅವತ್ತು?" ಎಂದಳು ಅಮ್ಮ.

"ಕೇಳಿಸಿತ್ತು."

"ಮತ್ತೆ ಯಾಕೆ ತೆಗೀಲಿಲ್ಲ?"

ಅವರು ಕರವಸ್ತ್ರದಿಂದ ಮುಖ ಒರೆಸಿಕೊಂಡರು. ಆಮೇಲೆ, "ಹೆದರಿದ್ದೆ, ಗಂಗಮ್ಮ. ವಾಲ್ವು ನಿಜವಾಗಿ ಮುಚ್ಚಿದಾನೋ ಇಲ್ಲವೋ ಅಂತ. ಗೇಟಿನ ಹೊರಗೆ ಓಡಿಹೋಗಿ ನಿಂತೆ. ವಾಪಸ್ ಬರೋವಷ್ಟರಲ್ಲಿ ಸದ್ದು ನಿಂತಿತ್ತು" ಎಂದರು. ಇನ್ನೂ ಒಂದು ಹೇಳಿದರು. "ಕೂತು ಕೇಳಿ ಕೇಳಿ ಮುಗಿಸಿಬಿಡೋಣ ಅಂತ ಆಮೇಲೆ ಬಂದಿದ್ದೆ. ಆಗಲಿಲ್ಲ. ಎರಡು ಸಲ ಕೇಳೋವಷ್ಟರಲ್ಲಿ ಓಡಿಹೋದೆ."

ಕೇಳಲಾಗದೆ ಓಡಿಹೋದದ್ದರಿಂದಲೇ ನಮಗೆ ಅಪ್ಪನ ದನಿ ಉಳಿದಿತ್ತು.

ಫ್ಯಾಕ್ಟರಿಯ ಹಿಂದಿನ ಉಪ್ಪಿನ ಗೋದಾಮಿನಲ್ಲಿ ಸಾಹುಕಾರರು ತೋರಿಸಿದ ಕಡೆ ನೆಲ ಅಗೆದಾಗ ಅಪ್ಪ ಸಿಕ್ಕ. ಆ ಸಂಜೆ ಅಮ್ಮ ಕುಂಕುಮ ಅಳಿಸಿಕೊಂಡಳು. ಊರಿನವರು ಒಬ್ಬೊಬ್ಬರಾಗಿ ಬಂದು ಹೊಸ್ತಿಲ ಹೊರಗೆ ನಿಂತರು. ಬೈದವರೆಲ್ಲ ಬಂದರು. ಸೋಡಾ ಅಂಗಡಿಯವರು ಏನೋ ಹೇಳಲು ಹೋಗಿ, ಆಗದೆ, ಚಪ್ಪಲಿ ಕೂಡ ಮರೆತು ಹೊರಟುಹೋದರು.

ನಮ್ಮ ಚಿತ್ರ ಅಲ್ಲಿಗೆ ನಿಂತಿತು. ಇದನ್ನೇ ತೆಗೆಯಿರಿ ಎಂದು ಕೆಲವರು ಹೇಳಿದರು. ತಬಸ್ಸುಮ್ ಮೇಡಂ ಅವರ ಮೇಲೆ ರೇಗಿದರು. ನನಗೆ ಬೇರೆ ವಿಷಯ ಕೊಟ್ಟರು. ಅಡುಗೆಕೋಣೆಯ ಆ ಮುದುಕಿಯ ದನಿಯನ್ನು ಕುರಿತು ಏನೋ ಒಂದನ್ನು ಒಬ್ಬಳೇ ತೆಗೆದು ಪಾಸಾದೆ. ಕೊಟ್ರೇಶ ಕಾಲೇಜು ಬಿಟ್ಟ. ಆದರೆ ಕೋರ್ಟಿನಲ್ಲಿ ಅವನು ಹೇಳಬೇಕಾದದ್ದನ್ನು ಹೇಳಿದ. ಬೀಗದ ಕೈ ಯಾರ ಬೀರುವಿನಲ್ಲಿತ್ತು, ಕೇಳಿದಾಗ ಅಪ್ಪ ಏನೆಂದರು, ಕೋಣೆಯಲ್ಲಿ ದನಿ ಯಾರನ್ನು ಕರೆಯಿತು, ಎಲ್ಲವನ್ನೂ. ಕಟಕಟೆಯಲ್ಲಿ ನಿಂತ ಅಪ್ಪನ ಕಡೆ ಒಮ್ಮೆಯೂ ನೋಡಲಿಲ್ಲ. ಹೊರಗೆ ಬಂದ ಮೇಲೆ ನನ್ನ ಕಡೆಯೂ ನೋಡಲಿಲ್ಲ. ನಾನೂ ಅವನನ್ನು ಕರೆಯಲಿಲ್ಲ.

ದನಿಯನ್ನು ನ್ಯಾಯಾಧೀಶರು ಖುದ್ದಾಗಿ ಕೇಳಬೇಕಿತ್ತು. ಅಲ್ಲಿಯವರೆಗೆ ಕೋಣೆಗೆ ಸೀಲು ಹಾಕಿದ್ದರು. ಅಮ್ಮ ಒಂದು ಸಲವೂ ಒಳಗೆ ಬಿಡಿ ಎಂದು ಕೇಳಲಿಲ್ಲ. ಗಿರಣಿಯಲ್ಲಿ ಕೆಲಸ ಮಾಡುತ್ತಲೇ ಇದ್ದಳು. ನ್ಯಾಯಾಧೀಶರು ಬಂದ ದಿನ ವಕೀಲರು, ಗುಮಾಸ್ತರು ಎಲ್ಲ ಸೇರಿ ಒಳಗೆ ಹೋದರು, ಬಹಳ ಹೊತ್ತು ಇದ್ದರು, ತಿರುಗಿ ತಿರುಗಿ ಕೇಳಿದರು. ನಾವು ಹೊರಗೆ ಐಸಿನ ಡಬ್ಬಗಳ ಪಕ್ಕ ಕಾಯುತ್ತ ಕೂತೆವು. ಹೊರಗೆ ಬಂದ ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿಕೊಂಡು, "ಇನ್ನು ಹೆಚ್ಚೇನೂ ಉಳಿದಿಲ್ಲ ಅನ್ಸುತ್ತೆ, ತಾಯಿ. ನಮ್ಮ ಕೆಲಸ ಮುಗೀತು. ಹೋಗಿ" ಎಂದರು.

ಅಮ್ಮ, ನಾನು ಇಬ್ಬರೇ ಒಳಗೆ ಹೋದೆವು. ಅವಳು ಗೋಡೆಗೆ ಕಿವಿ ಕೊಟ್ಟು ನಿಂತಳು. ಕೆಮ್ಮು ಇರಲಿಲ್ಲ. ಸಾಹುಕಾರರನ್ನು ಕರೆದ ಕೂಗು ಇರಲಿಲ್ಲ, ಬಾಗಿಲಿನ ಮಾತು ಇರಲಿಲ್ಲ. ಎಲ್ಲರೂ ಕೇಳಿ ಕೇಳಿ ಅದಷ್ಟೂ ಸವೆದುಹೋಗಿತ್ತು. ಮುಗಿಯಿತು, ಹೊರಗೆ ಹೋಗೋಣ ಎಂದು ನಾನು ಅವಳ ತೋಳು ಮುಟ್ಟಿದೆ. ಅವಳು ಕೈಯೆತ್ತಿ ನನ್ನನ್ನು ತಡೆದಳು.

ಕೂಗಿನ ಅಡಿಯಲ್ಲಿ ಇಷ್ಟು ದಿನ ಯಾರ ಕಿವಿಗೂ ಬೀಳದಿದ್ದ ಒಂದು ಮಾತು ಇತ್ತು. ನೆಲದ ಹತ್ತಿರದಿಂದ, ಮಲಗಿದವರು ಆಡುವ ಹಾಗೆ, ತೀರ ಮೆಲ್ಲಗೆ. ಬಾಗಿಲಿನ ಆಸೆ ಬಿಟ್ಟ ಮೇಲೆ ಆಡಿದ್ದಿರಬೇಕು.

"ಗಂಗೂ... ಹೊತ್ತಾಯ್ತು. ಸ್ಕೂಲಿಂದ ಮಂದಾನ ಕರ್ಕೊಂಬಾ."

ಅಮ್ಮ ಗೋಡೆಯಿಂದ ಕಿವಿ ತೆಗೆಯಲಿಲ್ಲ. ಕಣ್ಣು ಮುಚ್ಚಿಕೊಂಡೇ ಕತ್ತಲಲ್ಲಿ ತಡಕಾಡಿ ನನ್ನ ಮಣಿಕಟ್ಟು ಹಿಡಿದಳು, ಚಿಕ್ಕಂದಿನಲ್ಲಿ ರಸ್ತೆ ದಾಟಿಸುವಾಗ ಹಿಡಿಯುತ್ತಿದ್ದಷ್ಟು ಬಿಗಿಯಾಗಿ. ನನ್ನನ್ನು ಗೋಡೆಯ ಹತ್ತಿರಕ್ಕೆ, ಆ ದನಿ ಬಂದ ಕಡೆಗೆ ಎಳೆದು ನಿಲ್ಲಿಸಿದಳು.

"ಕರ್ಕೊಂಡು ಬಂದಿದೀನಿ ಕಣ್ರೀ" ಎಂದಳು.